ಚೆಕ್‌ರೋಲಿಗೆ ಏರದ ನಾಲ್ಕು ದಿನ

ಈ ತಿಂಗಳು ಬಂದ ಪತ್ರಗಳಲ್ಲಿ ಸಿದ್ದಾಪುರ ಕಡೆಯದೊಂದು ಎರಡು ಹಾಳೆ ತುಂಬಾ ಇತ್ತು. ಕೈಬರಹ ಮುತ್ತಿನಂತಿದೆ, ಒಳಗಿರುವುದು ಮಾತ್ರ ಸಂಕಟ. ಉಳಿದವರು ಬೇಸರಿಸಬಾರದು, ಹೆಚ್ಚು ಜಾಗ ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಕೆಲಸ. ಮೂರು ವರ್ಷದಿಂದ ಚೆಕ್‌ರೋಲ್ (ಕೆಲಸದವರ ಹಾಜರಿ-ಕೂಲಿಯ ಪುಸ್ತಕ), ಕೊಯ್ಲಿನ ತೂಕ, ಅಡ್ವಾನ್ಸ್, ಬಟವಾಡೆ ಎಲ್ಲ ಕಂಪ್ಯೂಟರಿನಲ್ಲೇ. ಸಾಫ್ಟ್‌ವೇರ್ ಹಾಕಿಕೊಟ್ಟವರು ‘ದಿನಾ ಸಂಜೆ ಡೇಟಾ ಫೈಲನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ’ ಎಂದಿದ್ದರು. ಒಂದು ದಿನವೂ ತಪ್ಪಿಸಿಲ್ಲ. ಮೊನ್ನೆ ಹೂಮಳೆ ಬಂದ ಸಂಜೆ ಸಿಡಿಲಿಗೆ ಕಂಪ್ಯೂಟರ್ ಸತ್ತಿತು. ಹೊಸದಕ್ಕೆ ಪೆನ್‌ಡ್ರೈವಿನಿಂದ ಫೈಲ್ ಹಾಕಿದರೆ ತೆರೆಯಿತು, ಆದರೆ ಕೊನೆಯ ನಾಲ್ಕು ದಿನದ ತೂಕವೇ ಇಲ್ಲ. 62 ಜನರ ಲೆಕ್ಕ. ನಾಲ್ಕೂ ಸಂಜೆಯ ಕಾಪಿ ಇವೆ, ನಾಲ್ಕರ ಸೈಜೂ ಒಂದೇ, ಒಳಗೂ ಒಂದೇ. ಸಾಫ್ಟ್‌ವೇರಿನವರು ‘ಡೇಟಾಬೇಸ್ ಸರಿಯಾಗಿಯೇ ಇತ್ತು, ನೀವು ಫೈಲ್ ಮಾತ್ರ ತೆಗೆದುಕೊಂಡಿದ್ದೀರಿ’ ಅನ್ನುತ್ತಾರೆ. ಫೈಲೇ ಡೇಟಾಬೇಸ್ ಅಲ್ಲವೇ? ಸಾವ್ಕಾರ್ರು ನನ್ನ ಮೇಲೇ ಅನುಮಾನ ಪಡುತ್ತಿದ್ದಾರೆ. ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ, ಮೊದಲ ಸಾಲಿನಲ್ಲಿ ‘ಎಸ್‌ಕ್ಯೂಲೈಟ್ ಫಾರ್ಮ್ಯಾಟ್ 3’ ಎಂದಿದೆ, ಮುಂದೆಲ್ಲ ಗೀಚಿದ ಹಾಗೆ. ಅದರ ಪಕ್ಕದಲ್ಲಿ ಅದೇ ಹೆಸರಿಗೆ ಬಾಲ ಅಂಟಿಸಿದಂತೆ ಇನ್ನೆರಡು ಫೈಲ್ ಇರುತ್ತಿದ್ದವು. ವರ್ಡ್ ಮಾಡುವ ಹಾಗೆ ತಾತ್ಕಾಲಿಕದ್ದಿರಬೇಕೆಂದು ಬಿಟ್ಟಿದ್ದೆ. ಇನ್ನೊಂದು: ಎರಡು ವರ್ಷದ ಹಳೇ ಲೆಕ್ಕ ಅಳಿಸಿದರೂ ಫೈಲಿನ ಸೈಜ್ ಒಂದು ಚೂರೂ ಇಳಿಯಲಿಲ್ಲ, ಅದೇಕೆ?
— ರೈಟರ್, ಸಿದ್ದಾಪುರ

ಉತ್ತರ: ಮೊದಲು ಕೈ ಕಟ್ಟಿ ಕೂರಿ. ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ, ಅದರ ಹಾರ್ಡ್ ಡಿಸ್ಕನ್ನು ಯಾರೂ ಫಾರ್ಮ್ಯಾಟ್ ಮಾಡದಿರಲಿ. ನಿಮ್ಮ ನಾಲ್ಕು ದಿನ ಬಹುಶಃ ಅಲ್ಲೇ ಇವೆ, ನೀವು ಬಿಟ್ಟ ಆ ಬಾಲದ ಫೈಲಿನೊಳಗೆ.

ನೀವು ರೈಟರ್ ಆದದ್ದರಿಂದ ನನ್ನ ಕೆಲಸ ಅರ್ಧ ಹಗುರವಾಯಿತು. ಸಂಜೆ ತೂಕದ ಜಾಗದಲ್ಲಿ ನೀವೇನು ಮಾಡುತ್ತೀರಿ? ಚೀಲ ತಕ್ಕಡಿಗೆ ಏರುತ್ತದೆ, ‘48’ ಎಂದು ಕೂಗುತ್ತಾರೆ, ನೀವು ಕಚ್ಚಾ ಪುಸ್ತಕದಲ್ಲಿ ಗೀಚುತ್ತೀರಿ. ಆ ಗದ್ದಲದಲ್ಲಿ ದೊಡ್ಡ ಚೆಕ್‌ರೋಲ್ ಬಿಚ್ಚಿ, ಹೆಸರು ಹುಡುಕಿ, ಅದರ ಮನೆಯಲ್ಲೇ ತುಂಬುತ್ತಾ ಕೂರಲು ಪುರುಸೊತ್ತಿರುವುದಿಲ್ಲ. ಆಮೇಲೆ ದೀಪದ ಕೆಳಗೆ ಕೂತು ಏರಿಸುತ್ತೀರಿ. ಈಗ ಹೇಳಿ: ಇನ್ನೂ ಏರಿಸದ ಹೊತ್ತಿನಲ್ಲಿ ಯಾರೋ ಬಂದು ಚೆಕ್‌ರೋಲನ್ನು ಜೆರಾಕ್ಸ್ ಮಾಡಿಕೊಂಡು ಹೋದರೆ ಅದರಲ್ಲಿ ಇವತ್ತಿನ ತೂಕ ಇರುತ್ತದೆಯೇ? ಇರುವುದಿಲ್ಲ. ತೋಟದ ಲೆಕ್ಕದಲ್ಲಿ ಇಲ್ಲವೇ? ಇದೆ! ಸಾವ್ಕಾರ್ರು ‘ಇವತ್ತು ಎಷ್ಟಾಯಿತು’ ಎಂದರೆ ಎರಡೂ ಪುಸ್ತಕ ನೋಡಿ ನೀವು ಹೇಳುತ್ತೀರಿ. ಆ ಉತ್ತರವೇ ಡೇಟಾಬೇಸ್. ಪುಸ್ತಕಗಳು ಫೈಲ್‌ಗಳು. ಎರಡನ್ನೂ ಕೂಡಿಸಿ ಓದಬಲ್ಲ ನೀವು ಅದರ ಎಂಜಿನ್.

ನಿಮ್ಮ ಸಾಫ್ಟ್‌ವೇರಿನ ಎಂಜಿನ್ ಯಾವುದೆಂದು ನೋಟ್‌ಪ್ಯಾಡೇ ಹೇಳಿದೆ: ಎಸ್‌ಕ್ಯೂಲೈಟ್. ಎಸ್‌ಕ್ಯೂಲೈಟಿನ ಪ್ರತಿ ಫೈಲಿನ ಮೊದಲ 16 ಬೈಟ್ ಈ ಗುರುತಿಗೇ ಮೀಸಲು: ನೀವು ಓದಿದ 15 ಅಕ್ಷರ, ಕೊನೆಗೆ ಕಣ್ಣಿಗೆ ಕಾಣದ ಒಂದು ಸೊನ್ನೆ. 2000ದಲ್ಲಿ ರಿಚರ್ಡ್ ಹಿಪ್ ಎಂಬುವವರು ಹೊರತಂದದ್ದು. ಬೇರೆ ಸರ್ವರ್ ಬೇಡ, ಎಲ್ಲ ಟೇಬಲ್ಲೂ ಒಂದೇ ಫೈಲಿನಲ್ಲಿ. ಹಾಗಾಗಿ ಇವತ್ತು ಪ್ರತಿಯೊಂದು ಆಂಡ್ರಾಯ್ಡ್ ಫೋನಿನಲ್ಲೂ ಅದಿದೆ. ‘ಫೈಲೇ ಡೇಟಾಬೇಸ್’ ಎಂಬ ಭ್ರಮೆ ಅತಿ ಸುಲಭವಾಗಿ ಹುಟ್ಟುವುದೂ ಇದರಲ್ಲೇ, ಯಾಕೆಂದರೆ ಬಹಳ ಹೊತ್ತು ಅದು ನಿಜವೂ ಆಗಿರುತ್ತದೆ.

2010ರಲ್ಲಿ ಎಸ್‌ಕ್ಯೂಲೈಟಿಗೆ ಒಂದು ಹೊಸ ಕ್ರಮ ಸೇರಿತು. ಆ ಕ್ರಮದಲ್ಲಿ ನೀವು ಎಂಟ್ರಿ ಒತ್ತಿದಾಗ ಅದು ದೊಡ್ಡ ಫೈಲನ್ನು ಮುಟ್ಟುವುದೇ ಇಲ್ಲ. ಬದಲಾದ ಪುಟಗಳನ್ನು ಪಕ್ಕದ ಫೈಲಿನ ಕೊನೆಗೆ ಸೇರಿಸುತ್ತಾ ಹೋಗುತ್ತದೆ. ಬಾಲದಲ್ಲಿ ಡಬ್ಲ್ಯೂ-ಎ-ಎಲ್ ಎಂದಿತ್ತಲ್ಲ, ಅದೇ ಇದು. ಅದೇ ಕಚ್ಚಾ ಪುಸ್ತಕ. ಇನ್ನೊಂದರ ಬಾಲ ಎಸ್-ಎಚ್-ಎಂ, ಅದು ಕಚ್ಚಾ ಪುಸ್ತಕದಲ್ಲಿ ಯಾವ ಪುಟ ಎಲ್ಲಿದೆ ಎಂದು ಹುಡುಕುವ ಪಟ್ಟಿ. ಕಳೆದುಹೋದರೆ ಮತ್ತೆ ಬರೆದುಕೊಳ್ಳುತ್ತದೆ, ಚಿಂತೆಯಿಲ್ಲ. ಕಚ್ಚಾ ಪುಸ್ತಕದಿಂದ ದೊಡ್ಡದಕ್ಕೆ ಏರಿಸುವುದು ಯಾವಾಗ? ಬೇರೇನೂ ಹೇಳದಿದ್ದರೆ ಸುಮಾರು 1000 ಪುಟ ತುಂಬಿದಾಗ, ಇಲ್ಲವೇ ಸಾಫ್ಟ್‌ವೇರನ್ನು ಸರಿಯಾಗಿ ಮುಚ್ಚಿದಾಗ. ಈಗಿನ ರೂಢಿಯಲ್ಲಿ ಒಂದು ಪುಟ ಎಂದರೆ 4096 ಬೈಟ್, ಅಂದರೆ ಒಟ್ಟು 4 ಎಂಬಿ ಆಸುಪಾಸು.

ಲೆಕ್ಕ ಹಾಕೋಣ. 62 ಜನ, ದಿನಕ್ಕೊಂದು ತೂಕ, ಒಂದೊಂದು ಎಂಟ್ರಿಗೆ ಮೂರು ಪುಟ ಬದಲಾಯಿತು ಎಂದುಕೊಂಡರೂ ದಿನಕ್ಕೆ 186. ನಾಲ್ಕು ದಿನಕ್ಕೆ 744. ಸಾವಿರ ಮುಟ್ಟಲೇ ಇಲ್ಲ. ಇಷ್ಟು ದಿನ ಸರಿಯಾಗಿದ್ದು ಈಗ ಮಾತ್ರ ಯಾಕೆ ಕೆಟ್ಟಿತು ಎಂದು ನೀವು ಕೇಳಿಲ್ಲ, ಆದರೆ ಸಾವ್ಕಾರ್ರು ಕೇಳಿಯೇ ಕೇಳುತ್ತಾರೆ. ನನ್ನ ಊಹೆ: ಮೊದಲೆಲ್ಲ ಸಂಜೆ ಸಾಫ್ಟ್‌ವೇರ್ ಮುಚ್ಚಿ, ಆಮೇಲೆ ಕಾಪಿ ಮಾಡಿ ಮನೆಗೆ ಹೋಗುತ್ತಿದ್ದಿರಿ. ರೊಬಸ್ಟಾ ಕೊಯ್ಲಿನ ಕೊನೆಯ ಅವಸರದಲ್ಲಿ ಹಗಲೂ ರಾತ್ರಿ ತೆರೆದೇ ಇಟ್ಟಿರಿ, ತೆರೆದಿದ್ದಂತೆಯೇ ಕಾಪಿ ಮಾಡಿದಿರಿ. ಪೆನ್‌ಡ್ರೈವಿನ ನಾಲ್ಕೂ ಕಾಪಿಗಳ ‘ಡೇಟ್ ಮಾಡಿಫೈಡ್’ ನೋಡಿ. ಒಂದೇ ತಾರೀಖು, ಒಂದೇ ಗಂಟೆ, ಒಂದೇ ನಿಮಿಷ ತೋರಿಸುತ್ತದೆ ಎಂದು ನಾನು ಒಂದು ಬಾಟಲಿ ಜೇನು ಪಣಕ್ಕಿಡುತ್ತೇನೆ. ಅದು ನೀವು ಕೊನೆಯ ಬಾರಿ ಸಾಫ್ಟ್‌ವೇರ್ ಮುಚ್ಚಿದ ಹೊತ್ತು. ಡೇಟಾಬೇಸ್ ನಾಲ್ಕು ದಿನ ಬೆಳೆಯಿತು, ನೀವು ಕಾಪಿ ಮಾಡಿದ ಫೈಲಿನಲ್ಲಿ ಒಂದು ಬೈಟೂ ಅಲುಗಲಿಲ್ಲ. ಈ ಪುಟವನ್ನು ಸಾವ್ಕಾರ್ರ ಕೈಗೂ ಕೊಡಿ. ನೀವು ಹೇಳಿದ ಕೆಲಸವನ್ನು ಹೇಳಿದಂತೆಯೇ ಮಾಡಿದಿರಿ, ಹೇಳಿದವರೇ ಅರ್ಧ ಹೇಳಿದ್ದರು.

ಒಂದು ಲೆಕ್ಕದಲ್ಲಿ ನೀವು ಪುಣ್ಯವಂತರೇ. ನೀವು ಕಾಪಿ ಮಾಡುತ್ತಿದ್ದ ಕ್ಷಣಕ್ಕೇ ಎಂಜಿನ್ ಕಚ್ಚಾ ಪುಸ್ತಕವನ್ನು ದೊಡ್ಡದಕ್ಕೆ ಏರಿಸಲು ಶುರುಮಾಡಿದ್ದರೆ, ಅರ್ಧ ಹಳೇ ಪುಟ ಅರ್ಧ ಹೊಸ ಪುಟ ಸೇರಿದ ಫೈಲ್ ಸಿಗುತ್ತಿತ್ತು. ಅದು ತೆರೆಯುವಾಗಲೇ ‘ಮಾಲ್‌ಫಾರ್ಮ್ಡ್’ ಎಂದು ಬೈಯುತ್ತದೆ, ಇಲ್ಲವೇ ಇನ್ನೂ ಕೆಟ್ಟದ್ದು, ತೆಪ್ಪಗೆ ತೆರೆದು ತಿಂಗಳ ನಂತರ ತಪ್ಪು ಲೆಕ್ಕ ಕೊಡುತ್ತದೆ.

ಈಗ ಉಳಿಸಿಕೊಳ್ಳುವ ದಾರಿ. ಸಿಡಿಲಿಗೆ ಮದರ್‌ಬೋರ್ಡ್, ಪವರ್ ಸಪ್ಲೈ ಹೋದರೂ ಹಾರ್ಡ್ ಡಿಸ್ಕ್ ಬದುಕಿರುವುದುಂಟು. ಗೊತ್ತಿದ್ದವರ ಕೈಯಲ್ಲಿ ಡಿಸ್ಕ್ ಬಿಚ್ಚಿಸಿ, ಯುಎಸ್‌ಬಿ ಕೇಬಲ್ಲಿನಿಂದ ಬೇರೆ ಕಂಪ್ಯೂಟರಿಗೆ ಹಾಕಿಸಿ. ಸಾಫ್ಟ್‌ವೇರಿನ ಇಡೀ ಫೋಲ್ಡರನ್ನು, ಬಾಲದ ಫೈಲುಗಳ ಸಮೇತ, ಎರಡು ಕಡೆ ಕಾಪಿ ಮಾಡಿ. ಒಂದನ್ನು ಮುಟ್ಟಬೇಡಿ. ಇನ್ನೊಂದನ್ನು ಸಾಫ್ಟ್‌ವೇರಿನಲ್ಲಿ ತೆರೆಯಿರಿ. ಎಂಜಿನ್ ತಾನಾಗಿಯೇ ಪಕ್ಕದ ಕಚ್ಚಾ ಪುಸ್ತಕವನ್ನು ಕಂಡು ಓದಿಕೊಳ್ಳುತ್ತದೆ, ನೀವು ಏನೂ ಒತ್ತಬೇಕಿಲ್ಲ. ಎರಡು ತಪ್ಪು ಮಾತ್ರ ಮಾಡಬೇಡಿ. ಒಂದು, ಫೈಲಿನ ಹೆಸರು ಬದಲಿಸಬೇಡಿ. ದೊಡ್ಡ ಫೈಲಿಗೆ ‘ಮಾರ್ಚ್ ಹಳೇದು’ ಎಂದು ಹೆಸರಿಟ್ಟರೆ ಅದಕ್ಕೆ ತನ್ನ ಬಾಲವೇ ಸಿಗುವುದಿಲ್ಲ. ಎರಡು, ಪೆನ್‌ಡ್ರೈವಿನ ದೊಡ್ಡ ಫೈಲಿಗೆ ಡಿಸ್ಕಿನ ಕಚ್ಚಾ ಫೈಲ್ ಜೋಡಿಸಬೇಡಿ. ಒಂದೇ ಹೊತ್ತಿನ ಜೋಡಿ ಒಟ್ಟಿಗೇ ಇರಬೇಕು. ಹೋದ ವರ್ಷದ ಚೆಕ್‌ರೋಲಿಗೆ ಈ ವರ್ಷದ ಕಚ್ಚಾ ಪುಸ್ತಕ ಏರಿಸಿದರೆ ಏನಾಗುತ್ತದೆ, ನಿಮಗೆ ಹೇಳಬೇಕಿಲ್ಲ. ಡಿಸ್ಕೂ ಸತ್ತಿದ್ದರೆ? ತೂಕದ ಚೀಟಿಗಳು ಕೊಯ್ಲಿನವರ ಕೈಯಲ್ಲಿರುತ್ತವಲ್ಲ, ಬಟವಾಡೆಗೆ ಮುಂಚೆ ಎಲ್ಲವನ್ನೂ ಇಸಿದುಕೊಳ್ಳಿ.

ಮುಂದಕ್ಕೆ ಸಾಫ್ಟ್‌ವೇರಿನವರಿಗೆ ಒಂದೇ ಮಾತು ಹೇಳಿ: ‘ಬ್ಯಾಕಪ್’ ಎಂಬ ಬಟನ್ ಹಾಕಿಕೊಡಿ. ಎಸ್‌ಕ್ಯೂಲೈಟಿನಲ್ಲಿ ಅದಕ್ಕೆಂದೇ ವ್ಯವಸ್ಥೆ ಇದೆ, ಕೆಲಸ ನಡೆಯುತ್ತಿದ್ದರೂ ಎಂಜಿನ್ನೇ ಎರಡೂ ಪುಸ್ತಕ ನೋಡಿ ಒಂದು ಶುದ್ಧ ಪ್ರತಿ ಬರೆದುಕೊಡುತ್ತದೆ. ಅವರಿಗೆ ಇದು ಅರ್ಧ ದಿನದ ಕೆಲಸ, ದುಡ್ಡು ಕೇಳಿದರೆ ಕೊಡಬೇಡಿ. ಅದು ಆಗುವವರೆಗೆ ಸಾಫ್ಟ್‌ವೇರ್ ಮುಚ್ಚಿ, ಬಾಲದ ಫೈಲುಗಳು ಮಾಯವಾದದ್ದು ನೋಡಿ, ಆಮೇಲೆ ಕಾಪಿ ಮಾಡಿ. ತಿಂಗಳಿಗೊಮ್ಮೆ ಆ ಕಾಪಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನಿನ್ನೆಯ ತೂಕ ಇದೆಯೇ ನೋಡಿ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ದಿನಕ್ಕೆ ಬಂದರೂ ಬಂತು, ಯುಪಿಎಸ್ ನಂಬಿ ಕೂರಬೇಡಿ.

ಸೈಜ್ ಇಳಿಯದ ವಿಷಯ. ಕೊಯ್ಲು ಮುಗಿದು ಹೊರಗಿನ ಕೆಲಸದವರು ಊರಿಗೆ ಹೋದರೆ ಲೈನ್‌ಮನೆ ಕೆಡವುತ್ತೀರಾ? ಖಾಲಿ ಇರುತ್ತದೆ, ಮುಂದಿನ ಸಲ ಬಂದವರಿಗೆ ಅದೇ ಕೋಣೆ. ಎಂಜಿನ್ನೂ ಹಾಗೆಯೇ. ಅಳಿಸಿದ ಪುಟಗಳನ್ನು ‘ಖಾಲಿ’ ಪಟ್ಟಿಗೆ ಸೇರಿಸಿ ಇಟ್ಟುಕೊಳ್ಳುತ್ತದೆ. ಫೈಲ್ ಅಷ್ಟೇ ಉದ್ದ, ಡೇಟಾಬೇಸ್ ಚಿಕ್ಕದಾಗಿದೆ. ‘ವ್ಯಾಕ್ಯೂಮ್’ ಎಂಬ ಆಜ್ಞೆ ಕೊಟ್ಟರೆ ಇರುವವರನ್ನೆಲ್ಲ ಒತ್ತೊತ್ತಾಗಿ ಕೂರಿಸಿ ಹೊಸದಾಗಿ ಕಟ್ಟುತ್ತದೆ. ಆಗ ಫೈಲ್ ಹೆಚ್ಚುಕಡಿಮೆ ಪೂರ್ತಿ ಬೇರೆಯಾಗುತ್ತದೆ, ಸೈಜೂ ಇಳಿಯುತ್ತದೆ, ಆದರೆ ಡೇಟಾಬೇಸಿನಲ್ಲಿ ಒಂದು ಹೆಸರೂ ಒಂದು ಕೆಜಿಯೂ ಬದಲಾಗಿರುವುದಿಲ್ಲ. ಮೇಲೆ ಹೇಳಿದ ನಾಲ್ಕು ದಿನದ ಕಥೆಯ ಉಲ್ಟಾ ಇದು. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೂ ‘ಫೈಲೇ ಡೇಟಾಬೇಸ್’ ಎನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ.

ಖಾಲಿ ಕೋಣೆಯಲ್ಲಿ ಹಳಬರ ಸಾಮಾನು ಬಿದ್ದಿರುತ್ತದೆ ಎಂಬುದನ್ನೂ ಮರೆಯಬೇಡಿ. ಅಳಿಸಿದ ಲೆಕ್ಕದ ಆಧಾರ್ ನಂಬರು, ಬ್ಯಾಂಕ್ ಖಾತೆ ಎಲ್ಲ ಆ ಖಾಲಿ ಪುಟಗಳಲ್ಲಿ ಇನ್ನೂ ಇರಬಹುದು. ‘ಸ್ಯಾಂಪಲ್ಲಿಗೆ ಫೈಲ್ ಕಳಿಸಿ’ ಎಂದು ಯಾರಾದರೂ ಕೇಳಿದರೆ ವ್ಯಾಕ್ಯೂಮ್ ಮಾಡದೆ ಕಳಿಸಬೇಡಿ. ಮಾಡಿದ ಮೇಲೂ ಎರಡು ಸಲ ಯೋಚಿಸಿ.

ನಿಮ್ಮ ತಪ್ಪನ್ನು ನಾನು ನಗುತ್ತಾ ಓದಲಿಲ್ಲ, ಯಾಕೆಂದರೆ ನನ್ನದು ಇದಕ್ಕಿಂತ ದೊಡ್ಡದು. ತೊಂಬತ್ತರ ದಶಕದಲ್ಲಿ ಗೋಣಿಕೊಪ್ಪದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಆಗ ಎಲ್ಲವೂ ಡಿಬೇಸ್, ಫಾಕ್ಸ್‌ಪ್ರೊ ಎಂಬ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ. ಒಬ್ಬ ಕಾಳುಮೆಣಸಿನ ವ್ಯಾಪಾರಿಯ ಲೆಕ್ಕವನ್ನು 1.44 ಎಂಬಿ ಫ್ಲಾಪಿಗೆ ಹಾಕಿಕೊಂಡು ಮೈಸೂರು ಬಸ್ ಹತ್ತಿದೆ, ಅಲ್ಲಿ ಒಳ್ಳೆಯ ಪ್ರಿಂಟರ್ ಇತ್ತೆಂದು. ತಿತಿಮತಿ ದಾಟಿ ಆನೆಚೌಕೂರಿನ ಗೇಟಿನಲ್ಲಿ ಬಸ್ ನಿಂತಾಗ ಎದೆ ಧಸಕ್ಕೆಂದಿತು. ಟೇಬಲ್ ಇರುವ ಡಿಬಿಎಫ್ ಫೈಲ್ ಮಾತ್ರ ತಂದಿದ್ದೆ. ‘ಷರಾ’ ಕಾಲಮ್ಮಿನ ಉದ್ದುದ್ದ ಬರಹವೆಲ್ಲ ಎಫ್‌ಪಿಟಿ ಎಂಬ ಬೇರೆ ‘ಮೆಮೊ’ ಫೈಲಿನಲ್ಲಿರುತ್ತಿತ್ತು, ಅದು ಮನೆಯಲ್ಲೇ. ಮೈಸೂರಿನಲ್ಲಿ ಫೈಲ್ ತೆರೆದರೆ ಮೆಮೊ ಫೈಲ್ ಕಾಣುತ್ತಿಲ್ಲ ಎಂದು ಬಂತು. ವ್ಯಾಪಾರಿ ಯಾರಿಗೆ ಎಷ್ಟು ಬಾಕಿ ಎಂದು ಬರೆಸಿದ್ದೇ ಆ ಷರಾದಲ್ಲಿ. ಅದೇ ಬಸ್ಸಿನಲ್ಲಿ ವಾಪಸ್.

ಆ ಕಾಲದವರ ಬಾಯಲ್ಲಿ ಈ ಗೊಂದಲ ಕೂತದ್ದಕ್ಕೂ ಕಾರಣವಿದೆ. ಡಿಬೇಸಿನಲ್ಲಿ ಒಂದೇ ಒಂದು ಟೇಬಲ್ಲಿನ ಫೈಲಿಗೇ ‘ಡೇಟಾಬೇಸ್ ಫೈಲ್’ ಎನ್ನುತ್ತಿದ್ದೆವು. ಪುಸ್ತಕದವರು ‘ದತ್ತಸಂಚಯ’ ಎಂದು ಚೆಂದದ ಹೆಸರಿಟ್ಟರು, ಅದು ಫೈಲೋ ಫೈಲಿನೊಳಗಿನದೋ ಎಂದು ಹೇಳಲಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ರೀತಿ ಹೇಳಬಹುದು. ಐನ್‌ಮನೆಯ (ಕುಟುಂಬದ ಮೂಲಮನೆಯ) ಫೋಟೊ ತೆಗೆದರೆ ಒಕ್ಕದ (ಆ ಕುಟುಂಬದ) ಫೋಟೊ ಆಗುವುದಿಲ್ಲ. ಯಾರು ಹುಟ್ಟಿದರು, ಯಾರು ಮದುವೆಯಾಗಿ ಬಂದರು, ಹಿರಿಯನಾದ ಪಟ್ಟೇದಾರ ಯಾರು, ಇದಕ್ಕೆಲ್ಲ ಒಕ್ಕದ ಕಟ್ಟುಪಾಡು ಬೇಕು. ಹೆಂಚು ಬದಲಿಸಿದರೂ ಒಕ್ಕ ಅದೇ.

ಪ್ರಶ್ನೆ: ಕಾಲೇಜಿನಲ್ಲಿ ಒಂದು ಎಸ್‌ಕ್ಯುಎಲ್ ಫೈಲ್ ಕೊಟ್ಟು ‘ಇದೇ ಡೇಟಾಬೇಸ್, ಮೈಎಸ್‌ಕ್ಯುಎಲ್‌ಗೆ ಹಾಕಿಕೊಳ್ಳಿ’ ಎಂದರು. ಅದನ್ನು ನೋಟ್‌ಪ್ಯಾಡಿನಲ್ಲಿ ಆರಾಮಾಗಿ ಓದಬಹುದು. ಹಾಕಿದ ಮೇಲೆ ಮೈಎಸ್‌ಕ್ಯುಎಲ್‌ನ ಡೇಟಾ ಫೋಲ್ಡರಿನಲ್ಲಿ ಹುಡುಕಿದರೆ ಆ ಫೈಲೇ ಇಲ್ಲ, ಐಬಿಡಿ ಎಂಬ ಬೇರೆ ಏನೇನೋ ಇವೆ. ಎಲ್ಲಿ ಹೋಯಿತು?
— ಬಿಸಿಎ ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಎಲ್ಲಿಗೂ ಹೋಗಿಲ್ಲ ಮಗಳೇ, ನಿನ್ನ ಡೌನ್‌ಲೋಡ್ ಫೋಲ್ಡರಿನಲ್ಲೇ ಇದೆ. ಅದು ಕಡಂಬಿಟ್ಟು ಮಾಡುವ ವಿಧಾನ ಬರೆದ ಚೀಟಿ, ಕಡಂಬಿಟ್ಟು ಅಲ್ಲ. ‘ಇಂಥ ಟೇಬಲ್ ಕಟ್ಟು, ಈ ಸಾಲು ಸೇರಿಸು’ ಎಂಬ ಆಜ್ಞೆಗಳು. ಮೈಎಸ್‌ಕ್ಯುಎಲ್ ಎಂಬ ಎಂಜಿನ್ ಅವನ್ನು ಓದಿ ತನ್ನ ಪದ್ಧತಿಯಂತೆ ಫೈಲುಗಳನ್ನು ಮಾಡಿಕೊಂಡಿತು: ಸಾಮಾನ್ಯವಾಗಿ ಟೇಬಲ್ಲಿಗೊಂದು ಐಬಿಡಿ, ಎಲ್ಲಕ್ಕೂ ಸೇರಿ ಲಾಗ್ ಫೈಲುಗಳು ಬೇರೆ. ಆ ಒಂದು ಐಬಿಡಿಯನ್ನು ಎತ್ತಿ ಗೆಳತಿಯ ಕಂಪ್ಯೂಟರಿನ ಫೋಲ್ಡರಿಗೆ ಸುಮ್ಮನೆ ಹಾಕಿದರೆ ಅಲ್ಲಿನ ಎಂಜಿನ್ ಅದನ್ನು ಗುರುತಿಸುವುದಿಲ್ಲ. ಅದೇ ಚೀಟಿ ಕೊಟ್ಟರೆ ಅವಳೂ ಮಾಡಿಕೊಳ್ಳುತ್ತಾಳೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಎಂಜಿನ್ ಬಳಸಿದರೆ ಇನ್ನೂ ಮಜಾ, ಟೇಬಲ್ ಫೈಲಿಗೆ ಹೆಸರೇ ಇಲ್ಲ, ಬರೀ ನಂಬರು, ಒಂದು ಜಿಬಿ ದಾಟಿದರೆ ಇನ್ನೊಂದು ತುಂಡು. ಅಂಕಿ ಹೆಸರಿನ ಫೋಲ್ಡರು ಟ್ಯಾಲಿಯಲ್ಲೂ ನೋಡಿರುತ್ತೀಯ.

ಪರೀಕ್ಷೆಗೆ ಬೇಕಾದರೆ ಇಷ್ಟು ಬರಿ: 1970ರಲ್ಲಿ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಬರೆದ ಪ್ರಬಂಧದ ಹಟವೇ ಇದು, ಮಾಹಿತಿ ಕೇಳುವವರು ಅದು ಡಿಸ್ಕಿನಲ್ಲಿ ಹೇಗೆ ಜೋಡಿಸಿದೆ ಎಂದು ತಿಳಿದಿರಬೇಕಾದ ಗೋಳು ಇರಬಾರದು. ಅದಕ್ಕೆ ‘ದತ್ತಾಂಶ ಸ್ವಾತಂತ್ರ್ಯ’ ಎನ್ನುತ್ತಾರೆ. ಐಬಿಡಿ ಹುಡುಕದೆಯೂ ನೀನು ಲ್ಯಾಬ್ ಮುಗಿಸಬಹುದಾಗಿತ್ತು. ಹುಡುಕಿದ್ದಕ್ಕೆ ನನಗೆ ಖುಷಿ.

ಪ್ರಶ್ನೆ: ಫೋನ್ ಬದಲಿಸಿದೆ. ಹಳೇ ಫೋನಿನ ವಾಟ್ಸ್ಯಾಪ್ ಫೋಲ್ಡರಿನಿಂದ ‘ಕ್ರಿಪ್ಟ್15’ ಎಂದು ಕೊನೆಯಾಗುವ ಫೈಲ್ ತೆಗೆದಿಟ್ಟಿದ್ದೇನೆ. ತೀರಿಕೊಂಡ ತಂದೆಯ ಮೆಸೇಜುಗಳು ಅದರಲ್ಲಿವೆ. ಕಂಪ್ಯೂಟರಿನಲ್ಲಿ ತೆರೆಯಬಹುದೇ?
— ಓದುಗ, ಕುಶಾಲನಗರ

ಉತ್ತರ: ನೇರವಾಗಿ ಆಗುವುದಿಲ್ಲ. ಒಳಗಿರುವುದು ಎಸ್‌ಕ್ಯೂಲೈಟೇ, ಆದರೆ ಮೇಲೆ ಬೀಗ ಬಿದ್ದಿದೆ. ಫೈಲ್ ಕೈಯಲ್ಲಿದೆ, ಡೇಟಾಬೇಸ್ ಕೈಯಲ್ಲಿಲ್ಲ. ಮೊದಲ ಕೆಲಸ, ಆ ನಂಬರಿನ ಸಿಮ್ ಚಾಲ್ತಿಯಲ್ಲಿ ಇಟ್ಟುಕೊಳ್ಳಿ. ಆಂಡ್ರಾಯ್ಡ್ ಫೋನಿನಲ್ಲಿ ಅದೇ ನಂಬರಿನಿಂದ ವಾಟ್ಸ್ಯಾಪ್ ಹೊಸದಾಗಿ ಹಾಕುವಾಗ, ಫೈಲನ್ನು ‘ಡೇಟಾಬೇಸಸ್’ ಫೋಲ್ಡರಿನಲ್ಲಿ ಮೊದಲಿದ್ದ ಹೆಸರಿನಲ್ಲೇ ಇಟ್ಟಿದ್ದರೆ ಅದು ‘ರಿಸ್ಟೋರ್’ ಕೇಳುತ್ತದೆ. ನೀವೇ ಬ್ಯಾಕಪ್‌ಗೆ ಪಾಸ್‌ವರ್ಡ್ ಇಟ್ಟಿದ್ದರೆ ಅದು ನೆನಪಿರಲೇಬೇಕು. ಹಳೇ ಫೋನನ್ನು ಸದ್ಯಕ್ಕೆ ಮಾರಬೇಡಿ. ಅದರಲ್ಲಿ ವಾಟ್ಸ್ಯಾಪ್ ಇನ್ನೂ ತೆರೆಯುತ್ತಿದ್ದರೆ ಇವತ್ತೇ ತಂದೆಯ ಚಾಟ್ ತೆರೆದು ‘ಎಕ್ಸ್‌ಪೋರ್ಟ್ ಚಾಟ್’ ಒತ್ತಿ. ಸಾದಾ ಅಕ್ಷರದ ಫೈಲ್ ಬರುತ್ತದೆ, ಯಾವ ಎಂಜಿನ್ನೂ ಬೇಡ, ಪ್ರಿಂಟ್ ಹಾಕಿ ಇಟ್ಟುಕೊಳ್ಳಬಹುದು.

ಪ್ರಶ್ನೆ: ಅಟ್ಟದಲ್ಲಿ ಹಳೇ ಫ್ಲಾಪಿಗಳು ಸಿಕ್ಕಿವೆ, ಸಂಘದ ಲೆಕ್ಕ, ಎಲ್ಲ ಡಿಬಿಎಫ್. ಈಗ ಓದಲು ಬರುತ್ತದೆಯೇ?
— ಪೊನ್ನಂಪೇಟೆ

ಉತ್ತರ: ಫ್ಲಾಪಿಗೆ ಬೂಷ್ಟು ಹಿಡಿಯದಿದ್ದರೆ ಬರುತ್ತದೆ. ಯುಎಸ್‌ಬಿ ಫ್ಲಾಪಿ ಡ್ರೈವ್ ಒಂದು ತರಿಸಿ, ಡಿಬಿಎಫ್ ಅನ್ನು ಲಿಬ್ರೆಆಫೀಸ್ ಕ್ಯಾಲ್ಕ್ ತೆರೆಯುತ್ತದೆ. ಕೆಲವು ಸಾಲು ಕಾಣೆಯಾಗಿದೆ ಎನಿಸಿದರೆ ಗಾಬರಿ ಬೇಡ. ಆ ಕಾಲದಲ್ಲಿ ‘ಡಿಲೀಟ್’ ಎಂದರೆ ಸಾಲಿನ ತಲೆಗೆ ಒಂದು ನಕ್ಷತ್ರ ಚಿಹ್ನೆ ಬೀಳುತ್ತಿತ್ತು ಅಷ್ಟೇ, ‘ಪ್ಯಾಕ್’ ಕೊಡುವವರೆಗೆ ಸಾಲು ಫೈಲಿನಲ್ಲೇ ಇರುತ್ತಿತ್ತು. ಹಳೇ ಫಾಕ್ಸ್‌ಪ್ರೊ ಸಿಕ್ಕರೆ ‘ರೀಕಾಲ್ ಆಲ್’ ಎಂದು ಕೊಟ್ಟು ನೋಡಿ, ಅಳಿಸಿದ ಬಾಕಿಗಳೆಲ್ಲ ಎದ್ದು ಬರುತ್ತವೆ. ಸಂಘದಲ್ಲಿ ಕೆಲವರಿಗೆ ಅದು ಇಷ್ಟವಾಗದೆ ಇರಬಹುದು. ಮತ್ತೆ, ಫ್ಲಾಪಿಯಲ್ಲಿ ಎಫ್‌ಪಿಟಿ ಎಂಬುದು ಕಂಡರೆ ಅದನ್ನೂ ಮರೆಯದೆ ಕಾಪಿ ಮಾಡಿಕೊಳ್ಳಿ.